ಅಟ್ಟದ ಮೇಲಿನ ಕಂಪ್ಯೂಟರ್

ಚಿಕ್ಕಪ್ಪ: (ಫಾರ್ವರ್ಡ್) "ಹಳೇ ಕಂಪ್ಯೂಟರ್ ಬಿಸಾಡಬೇಡಿ! ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿದರೆ ಹತ್ತೇ ನಿಮಿಷದಲ್ಲಿ ಹೊಸದರಂತೆ ಓಡುತ್ತದೆ. ಎಲ್ಲರಿಗೂ ಕಳಿಸಿ."

ಚಿಕ್ಕಪ್ಪ: ಅಟ್ಟದ ಮೇಲಿರೋದನ್ನ ಭಾನುವಾರ ಇಳಿಸಿ ಮಕ್ಕಳಿಗೆ ಕೊಟ್ಟುಬಿಡೋಣ.

ಅತ್ತಿಗೆ: ಬೇಡ ಮಾವ. ವಿಂಡೋಸ್ 10 ಇದ್ದಾಗಲೇ ತೆವಳ್ತಿತ್ತು. ಮಕ್ಕಳಿಗೆ ಟ್ಯಾಬ್ ಇದೆಯಲ್ಲ, ಸಾಕು.

ನಾನು: ಚಿಕ್ಕಪ್ಪ, ಆ "ಹತ್ತೇ ನಿಮಿಷ" ಅನ್ನೋದನ್ನ ನಾನು ಒಪ್ಪಲ್ಲ. ಅದನ್ನೇ ನಂಬಿ ಬರೀ 2 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಮಗಳ ಮುಂದಿಟ್ಟೆ. ಬ್ರೌಸರ್ ತೆಗೆದರೆ ಡಿಸ್ಕ್ ಕರಕರ ಅಂತ ಒಂದೇ ಸಮ ಸದ್ದು, ಮೌಸ್ ಬಾಣ ಅಲ್ಲಾಡ್ತಿರಲಿಲ್ಲ. ಅವಳು ಐದು ಸಲ ಕ್ಲಿಕ್ ಮಾಡಿದಳು. ಸ್ವಲ್ಪ ಹೊತ್ತಿಗೆ ಐದೂ ಕಿಟಕಿ ಒಟ್ಟಿಗೇ ತೆರೆದುಕೊಂಡವು. "ಇದು ಕೆಟ್ಟಿದೆ" ಅಂತ ಎದ್ದು ಹೋದಳು. ಮತ್ತೆ ಅದರ ಮುಂದೆ ಕೂರಿಸೋಕೆ ಎರಡು ತಿಂಗಳು ಹಿಡೀತು.

ಚಿಕ್ಕಪ್ಪ: ಹಾಗಾದ್ರೆ ಗುಜರಿಗೇನಾ?

ನಾನು: ಅಯ್ಯೋ, ಬೇಡವೇ ಬೇಡ. ಹಳೇ ಯಂತ್ರ ತೆವಳೋದು ಹೆಚ್ಚಾಗಿ ಒಳಗೆ ತಿರುಗೋ ಹಾರ್ಡ್ ಡಿಸ್ಕ್‌ನಿಂದ. ಅದರ ಜಾಗಕ್ಕೆ ತಿರುಗೋ ಭಾಗವೇ ಇಲ್ಲದ, ವೇಗದ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 4 ಜಿಬಿ ಮಾಡಿ, ಆಮೇಲೆ ಲಿನಕ್ಸ್‌ನದೇ ಒಂದು ಬಗೆಯಾದ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕೋಣ. ಪ್ರೊಸೆಸರ್ 64 ಬಿಟ್ ಇರಬೇಕು. ತೀರಾ ಹಳೇ 32 ಬಿಟ್ ಆದರೆ ಕಷ್ಟ, 2025ರಲ್ಲಿ ಬಂದ ಡೆಬಿಯನ್ 13 (ಇನ್ನೊಂದು ಬಗೆಯ ಲಿನಕ್ಸ್) ಕೂಡ ಅದಕ್ಕೆ ಇನ್‌ಸ್ಟಾಲರ್ ಕೊಡ್ತಿಲ್ಲ. ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ (ಇನ್‌ಸ್ಟಾಲ್ ಮಾಡದೆ ಅದರಿಂದಲೇ ಶುರು ಮಾಡಿ) ವೈಫೈ, ಸೌಂಡ್ ಬರುತ್ತಾ ನೋಡೋಣ.

ಅಣ್ಣ: ಶಾಲೇಲಿ ವಿಂಡೋಸ್, ಮನೇಲಿ ಇನ್ನೊಂದು. ಮಕ್ಕಳಿಗೆ ಗೊಂದಲ ಆಗಲ್ವಾ?

ನಾನು: ಅಣ್ಣಾ, ಫೋಲ್ಡರ್ ಮಾಡೋದು, ಫೈಲ್ ಹುಡುಕೋದು, ಹತ್ತೂ ಬೆರಳಲ್ಲಿ ಟೈಪ್ ಮಾಡೋದು ಎರಡರಲ್ಲೂ ಒಂದೇ. ಚಿಕ್ಕವರಿಗಂತೂ ಚಿತ್ರ ಬಿಡಿಸೋ ಟಕ್ಸ್ ಪೇಂಟ್ ನೋಡು, 2002ರಿಂದ ಇದೆ. ಚಿತ್ರ ಉಳಿಸುವಾಗ ಫೈಲಿಗೆ ಹೆಸರು ಕೇಳೋದೇ ಇಲ್ಲ. ಅಕ್ಷರ ಬಾರದ ಮಗುವೂ ಪುಟ್ಟ ಪುಟ್ಟ ಚಿತ್ರಗಳ ಸಾಲಲ್ಲಿ ತನ್ನದನ್ನ ಗುರುತು ಹಿಡಿದು ತೆಗೆಯುತ್ತೆ. ನನ್ನ ಮಗಳು ನಿನ್ನೆ ಅರ್ಧಕ್ಕೆ ಬಿಟ್ಟ ಆನೆಗೆ ಇವತ್ತು ಬಾಲ ಬರೆದಿದ್ದು ಹಾಗೇ. ಜಿಕಾಂಪ್ರಿ ಅನ್ನೋ ಕಲಿಕೆ ಆಟಗಳ ಕಂತೆ ಇನ್ನೊಂದು, 2ರಿಂದ 10 ವರ್ಷದವರಿಗೆ: ಮೌಸ್ ಹಿಡಿಯೋದರಿಂದ ಗಡಿಯಾರ ಓದೋವರೆಗೆ. ಅತ್ತಿಗೆ, ಒಮ್ಮೆ ಹಾಕಿದ ಮೇಲೆ ಎರಡಕ್ಕೂ ಇಂಟರ್ನೆಟ್ ಬೇಡ, ನಡುವೆ ಜಾಹೀರಾತು ಬರಲ್ಲ. ಟ್ಯಾಬ್‌ನಲ್ಲಿ ನನಗೆ ತಡೆಯೋಕಾಗದೇ ಇರೋದು ಅದೇ.

ಅತ್ತಿಗೆ: ಜಾಹೀರಾತು ಬರಲ್ಲ ಅಂದ್ರೆ ಒಪ್ಪಿದೆ. ಆದರೆ ಅದರಲ್ಲಿ ಅತ್ತೆಯವರ ಫೋಟೋಗಳಿವೆ. ಅಳಿಸಿಹೋದ್ರೆ?

ನಾನು: ಆ ಫಾರ್ವರ್ಡ್ ಮೇಲೆ ನನಗೆ ಸಿಟ್ಟು ಬಂದಿದ್ದೇ ಇದಕ್ಕೆ. ಇನ್‌ಸ್ಟಾಲ್ ಮಾಡುವಾಗ "ಡಿಸ್ಕ್ ಪೂರ್ತಿ ಅಳಿಸು" ಅಂತ ಒಂದು ಆಯ್ಕೆ ಬರುತ್ತೆ. ಅದನ್ನ ಒತ್ತಿದರೆ ಅಮ್ಮನ ಫೋಟೋ ಎಲ್ಲ ಹೋದ ಹಾಗೇ. ಅದರ ಬಗ್ಗೆ ಅಲ್ಲಿ ಒಂದು ಮಾತಿಲ್ಲ. ಎಸ್‌ಎಸ್‌ಡಿ ಹಾಕೋದಾದ್ರೆ ಹಳೇ ಡಿಸ್ಕ್ ಹೇಗೂ ಆಚೆ ಬರುತ್ತೆ. ಫೋಟೋಗಳು ಎರಡು ಕಡೆ ನಕಲಾಗೋವರೆಗೂ ಅದನ್ನ ಯಾರೂ ಮುಟ್ಟೋದು ಬೇಡ.

ಚಿಕ್ಕಪ್ಪ: ಸರಿ ಕಣಮ್ಮ. ಇಳಿಸಿ ಧೂಳು ಒರೆಸಿಡ್ತೀನಿ, ಸ್ವಿಚ್ ಹಾಕಲ್ಲ. ಸ್ಕ್ರೂಡ್ರೈವರ್ ನನ್ನ ಹತ್ರ ಇದೆ.