ಬಿಸಿಲಿಗೆ ಅಂಟಿಹೋದ ಅಕ್ರಿಲಿಕ್ ಶೀಟಿನ ಕಾಗದ ತೆಗೆಯೋದು ಹೇಗೆ?

ರಾಣೆಬೆನ್ನೂರು ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನನ್ನ ತಮ್ಮನದು ಸ್ಟಿಕರ್ ಕಟಿಂಗ್ ಅಂಗಡಿ ಇತ್ತು. 2020ರಲ್ಲಿ ಕೊರೊನಾ ಬಂದಾಗ ಅಂಗಡಿ, ಬ್ಯಾಂಕು, ಮೆಡಿಕಲ್ ಸ್ಟೋರು ಎಲ್ಲರೂ ಕೌಂಟರ್ ಮುಂದೆ ಅಡ್ಡ ಹಾಕೋಕೆ ಅಕ್ರಿಲಿಕ್ ಶೀಟು, ಅಂದ್ರೆ ಗಾಜಿನ ಹಾಗೆ ಕಾಣೋ ಪ್ಲಾಸ್ಟಿಕ್ ಹಲಗೆ, ಕೇಳ್ತಿದ್ರು. ಆಗ ತರಿಸಿದ್ದರಲ್ಲಿ ಮೂರು ಶೀಟು ಉಳಿದುಬಿಟ್ಟವು. 8×4 ಅಡಿಯವು, 3 ಎಂ.ಎಂ. ದಪ್ಪ. ಅಂಗಡಿ ಮುಚ್ಚಿದ ಮೇಲೆ ತಾರಸಿಯಲ್ಲಿ ತಗಡಿನ ಕೆಳಗೆ ಗೋಡೆಗೆ ಒರಗಿಸಿಟ್ಟಿದ್ದ. ಈಗ ಶಾಲೆಗೆ ಕೊಟ್ಟಿದ್ದಾನೆ.

ನಮ್ಮ ಮಕ್ಕಳು ಮನೆಮನೆ ತಿರುಗಿ ಹಳೇ ತಳಿ ಬೀಜ ಕೂಡಿಸಿದ್ದಾರೆ. ನವಣೆ, ಸಾವೆ, ಬರಗು, ಜವಾರಿ ಹತ್ತಿ, ಮೂರು ಥರದ ಜೋಳ. ಅವನ್ನ ಇಡೋ ಕಪಾಟಿಗೆ ಈ ಶೀಟಿನಿಂದ ಬಾಗಿಲು ಮಾಡಿಸಬೇಕು ಅಂತ ಆಸೆ. ಒಂದನೇ, ಎರಡನೇ ತರಗತಿ ಮಕ್ಕಳು ಓಡಾಡೋ ಜಾಗ, ಗಾಜು ಹಾಕೋಕೆ ಧೈರ್ಯ ಇಲ್ಲ.

ಸಮಸ್ಯೆ ಗೀರು ಬೀಳದಿರಲಿ ಅಂತ ಶೀಟಿನ ಎರಡೂ ಬದಿಗೆ ಮೊದಲೇ ಅಂಟಿಸಿ ಬರೋ ಕಂದು ಕಾಗದದ್ದು. ಎಳೆದರೆ ಉಗುರಿನಷ್ಟು ಚೂರು ಬರುತ್ತೆ, ಅದೂ ಮೇಲಿನ ಪದರ ಮಾತ್ರ. ಕೆಳಗೆ ನಾರುನಾರಾಗಿ ಕಾಗದ, ಅದರಡಿ ಹಳದಿ ಗಮ್. ಎರಡು ಸಂಜೆ ಉಗುರಲ್ಲಿ ಕೆರೆದು ಒಂದು ಅಂಗೈ ಅಗಲ ಬಿಡಿಸಿದೆ. ಪೇಂಟರ್ ಒಬ್ಬರು ಥಿನ್ನರ್ ಹಚ್ಚಿ ಅಂದ್ರು. ಒಂದು ಮೂಲೆಗೆ ಹಚ್ಚಿ ಒರೆಸಿದ ಕೂಡಲೇ ಆ ಜಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯ್ತು. ಒರೆಸಿದ ಬಟ್ಟೆಯ ನೇಯ್ಗೆ ಕೂಡ ಅಚ್ಚು ಬಿದ್ದಿದೆ. ತುಂಬಾ ಹೆದರಿಕೆ ಆಯ್ತು, ಅಲ್ಲಿಗೇ ನಿಲ್ಲಿಸಿದೆ. ಉಳಿದದ್ದನ್ನಾದರೂ ಉಳಿಸಿಕೊಳ್ಳೋದು ಹೇಗೆ?

ಬೋರ್ಡ್ ಕೆಲಸ, ಹುಬ್ಬಳ್ಳಿ:
ಟೀಚರ್, ಮೊದಲ ಆ ಥಿನ್ನರ್ ಡಬ್ಬಿ ಮುಚ್ಚಿ ಬದಿಗಿಡ್ರಿ. ಥಿನ್ನರ್, ಅಸಿಟೋನ್, ಉಗುರಿನ ಬಣ್ಣ ತಗಿಯೋ ನೀರು, ಗಾಡಿ ಪೆಟ್ರೋಲ್ ಯಾವುದೂ ಅಕ್ರಿಲಿಕ್‌ಗೆ ತಾಗಬಾರದು. ನಾವು ಎರಡು ತುಂಡು ಜೋಡಸಾಕ ಕ್ಲೋರೋಫಾರ್ಮ್ ಹಚ್ಚತೀವಿ. ಅದು ಅಂಟಲ್ಲರಿ, ಶೀಟನ್ನ ಕರಗಿಸಿ ಒಂದಕ್ಕೊಂದು ಕೂಡಸ್ತೈತಿ. ಥಿನ್ನರ್ ಮಾಡೂದೂ ಅದ ಕೆಲಸ. ಮೆತ್ತಗಾದ ಶೀಟಿನ ಮ್ಯಾಲ ಅರಿವಿ ತಿಕ್ಕಿದ್ದಕ್ಕ ನೇಯ್ಗಿ ಅಚ್ಚಾಗೇತಿ.

ಸಮಾಧಾನದ ಮಾತು ಅಂದ್ರ, ಬಿಸಿಲಿಗೆ ಕೆಟ್ಟಿದ್ದು ಕಾಗದ ಮತ್ತ ಗಮ್. ಶೀಟಿಗೆ ಬಿಸಿಲು ಅಷ್ಟು ಲಗೂ ಏನೂ ಮಾಡಂಗಿಲ್ಲ. ಒಳಗ ಚಲೋನ ಇರ್ತೈತಿ.

ಕಾಗದಕ್ಕ ಒಂದು ಔಷಧ, ಗಮ್ಮಿಗೆ ಒಂದು ಔಷಧ. ಎರಡೂ ಒಮ್ಮೆಲೇ ತಗೀತೀನಿ ಅಂತ ಹೋದವರ ಕೈಯಾಗ ಬ್ಲೇಡು ಬರ್ತೈತಿ, ಶೀಟು ಗೀರಿ ಹೋಗ್ತೈತಿ.

ಕಾಗದಕ್ಕ ನೀರು. ಎರಡು ಬೆಂಚು ಕೂಡಿಸಿ, ಹಳೇ ಚಾದರ ಹಾಸಿ, ಶೀಟು ಮಲಗಿಸ್ರಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಚಮಚ ಹಾಕಿ, ಹಳೇ ಹತ್ತಿ ಸೀರಿ ತೋಯಿಸಿ ಕಾಗದದ ಮ್ಯಾಲ ಹಾಸ್ರಿ. ಮ್ಯಾಲ ಪ್ಲಾಸ್ಟಿಕ್ ಹಾಳಿ ಹೊದಿಸಿ ಒಂದು ರಾತ್ರಿ ಬಿಡ್ರಿ. ಮುಂಜಾನೆ ಅಂಗೈಲೆ ತಿಕ್ಕಿದ್ರ ಕಾಗದ ಮುದ್ದಿಯಾಗಿ ಬರ್ತೈತಿ. ಗಮ್ ಮಾತ್ರ ನೀರಿಗೆ ಜಗ್ಗಂಗಿಲ್ಲ.

ಗಮ್ಮಿಗೆ ಸೀಮಿಎಣ್ಣಿ ಅಥವಾ ಸಿಗರೇಟ್ ಲೈಟರಿಗೆ ಹಾಕೋ ಪೆಟ್ರೋಲ್ (ಗಾಡೀದಲ್ಲ, ಅದು ಬ್ಯಾರೆ). ಮೊದಲ ಒಂದು ಮೂಲ್ಯಾಗ ಹಚ್ಚಿ ನೋಡ್ರಿ. ಒಂದು ಫೂಟು ಜಾಗಕ್ಕ ಹಚ್ಚಿ ಹತ್ತು ನಿಮಿಷ ಸುಮ್ಮನ ಬಿಟ್ಟು, ಹಳೇ ಎಟಿಎಂ ಕಾರ್ಡ್‌ಲೆ ಸಾವಕಾಶ ದೂಡ್ರಿ. ಕೂಡ್ಲೆ ಸೋಪಿನ ನೀರಿಲೆ ತೊಳದು ಮುಂದಿನ ಫೂಟಿಗೆ ಹೋಗ್ರಿ. ಬಯಲಾಗ ಮಾಡ್ರಿ, ಹತ್ತಿರ ಒಲಿ, ಬೀಡಿ ಇರಬಾರದು, ಹುಡುಗರಂತೂ ಬ್ಯಾಡ.

ಬಿಸಿಲು ಬೀಳದ ಬದಿ ಕಾಗದ ಇನ್ನೂ ಗಟ್ಟಿ ಇದ್ದರ ನೀರು ಹಾಕಬ್ಯಾಡ್ರಿ. ಹೇರ್ ಡ್ರೈಯರ್‌ಲೆ ಬೆಚ್ಚಗ ಮಾಡಿ, ಒಂದು ಅಂಚು ಬಿಡಿಸಿ, ಪಿವಿಸಿ ಪೈಪಿಗೆ ಸುತ್ತಿ ಉರುಳಿಸ್ಕೋತ ಹೋಗ್ರಿ. ಮ್ಯಾಲಕ್ಕ ಜಗ್ಗಿದ್ರ ಹರೀತೈತಿ, ಉರುಳಿಸಿದ್ರ ಬರ್ತೈತಿ. ಶೀಟಿನ ಮ್ಯಾಲ ಕೈ ಇಟ್ರ ತಡಕೊಳ್ಳೂವಷ್ಟ ಬಿಸಿ ಸಾಕು. 100 ಡಿಗ್ರಿ ಹತ್ತಿರ ಹೋದ್ರ ಶೀಟ ಮೆತ್ತಗಾಗಿ ಬಾಗ್ತೈತಿ, ಅದಕ್ಕ ಹೀಟ್ ಗನ್ ಬ್ಯಾಡ. ಸೀಮಿಎಣ್ಣಿ ಹಚ್ಚಿದ ಜಾಗಕ್ಕಂತೂ ಡ್ರೈಯರ್ ತರಲೇಬ್ಯಾಡ್ರಿ.

ಮೈಸೂರು, ಕೆಮಿಸ್ಟ್ರಿ ಓದಿದವ:
ಮೇಲಿನವರು ಹೇಳಿದ್ದು ಸರಿಯಾಗಿದೆ. ಒಂದು ಮಾತು ಸೇರಿಸ್ತೀನಿ. ಅಂತರ್ಜಾಲದಲ್ಲಿ ಬಹಳ ಜನ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿ ಅಂತಾರೆ. ಕತ್ತರಿಸಿದ ಅಂಚು, ಕೊರೆದ ತೂತು ಇರೋ ಕಡೆ ಅಕ್ರಿಲಿಕ್ ಒಳಗೆ ಬಿಗಿತ ಉಳಿದಿರುತ್ತೆ. ಅಲ್ಲಿಗೆ ಆಲ್ಕೋಹಾಲ್ ತಾಗಿದರೆ ಕೂದಲೆಳೆಯಂಥ ಸಣ್ಣ ಸಣ್ಣ ಬಿರುಕು ಬಿಡುತ್ತೆ. ಆಮೇಲೆ ಏನು ಮಾಡಿದ್ರೂ ಹೋಗೋದಿಲ್ಲ. ಲೇಸರ್‌ನಲ್ಲಿ ಕತ್ತರಿಸಿದ ಅಂಚಿಗೆ ಇದು ಇನ್ನೂ ಜಾಸ್ತಿ. ಅಮೋನಿಯಾ ಇರೋ ಗಾಜು ಒರೆಸೋ ಸ್ಪ್ರೇ ಕೂಡ ಬೇಡ.

ಶಾಲೆ ಅಂದ್ರಲ್ಲ, ಸೀಮೆಎಣ್ಣೆ ಇಷ್ಟ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ. ನಿಧಾನ, ಎರಡು ಮೂರು ಗಂಟೆ ಬಿಡಬೇಕು. ಆದರೆ ಗಮ್ ಮೆತ್ತಗಾಗುತ್ತೆ, ಶೀಟಿಗೆ ಅಪಾಯ ಇಲ್ಲ.

ಫೋಟೋ ಫ್ರೇಮ್, ಪುತ್ತೂರು:
ನಮ್ಮ ಅಂಗಡಿಯಲ್ಲಿ ಮಾಡುವ ಒಂದು ಉಪಾಯ ಹೇಳ್ತೇನೆ. ಗಮ್ ಅರ್ಧ ಮೆತ್ತಗಾದಾಗ ಹೆಬ್ಬೆರಳಿನಲ್ಲಿ ಉಜ್ಜಿ ಒಂದು ಉಂಡೆ ಮಾಡಿ. ಆ ಉಂಡೆಯನ್ನೇ ಉಳಿದ ಗಮ್ಮಿನ ಮೇಲೆ ಒತ್ತಿ ಒತ್ತಿ ಎತ್ತಿ. ಗಮ್ಮನ್ನು ಗಮ್ಮೇ ಹಿಡಿದುಕೊಂಡು ಬರ್ತದೆ. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಲೇಬೇಡಿ, ಧೂಳೆಲ್ಲ ಎಳೆದುಕೊಳ್ತದೆ, ಗೀರೂ ಬೀಳ್ತದೆ. ಒದ್ದೆ ಮೈಕ್ರೋಫೈಬರ್ ಬಟ್ಟೆ ಸಾಕು.

ರಾಣೆಬೆನ್ನೂರು ಟೀಚರ್:
ಭಾನುವಾರ ಒಂದು ಶೀಟು ಪೂರ್ತಿ ಆಯ್ತು! ಒಂದೊಂದು ಶೀಟು ಹತ್ತು ಕೆಜಿ ಮೇಲಿದೆ, ಎತ್ತಿ ಮಲಗಿಸೋಕೆ ತಮ್ಮ ಬಂದಿದ್ದ. ಗೋಡೆ ಕಡೆಗಿದ್ದ ಬದಿ ಪೈಪಿಗೆ ಸುತ್ತಿದ ಹಾಗೆ ಚರ್ರ್ ಅಂತ ಒಂದೇ ಹಾಳೆಯಾಗಿ ಬಂತು. ಕಣ್ಣಲ್ಲಿ ನೀರು ಬಂತು ನನಗೆ, ಅಷ್ಟು ಸ್ವಚ್ಛವಾಗಿತ್ತು ಒಳಗೆ. ಬಿಸಿಲಿನ ಬದಿಗೆ ರಾತ್ರಿಯೆಲ್ಲ ಒದ್ದೆ ಸೀರೆ ಹಾಸಿದ್ದೆ, ಬೆಳಿಗ್ಗೆ ಕಾಗದ ನೆನೆದ ಹಪ್ಪಳದ ಹಾಗೆ ಆಗಿತ್ತು. ಸೀಮೆಎಣ್ಣೆ ಸಿಗಲಿಲ್ಲ. ಕೊಬ್ಬರಿ ಎಣ್ಣೆಯಲ್ಲೇ ಮುಕ್ಕಾಲು ಗಮ್ ಹೋಯ್ತು, ಹಟ ಹಿಡಿದ ಜಾಗಕ್ಕೆ ಮಾತ್ರ ಲೈಟರ್ ಪೆಟ್ರೋಲ್. ಗಮ್ಮಿನ ಉಂಡೆ ನೆಲ್ಲಿಕಾಯಿ ಗಾತ್ರ ಆಗಿತ್ತು, ಪುತ್ತೂರಿನವರಿಗೆ ವಿಶೇಷ ಧನ್ಯವಾದ.

ಆ ಬೆಳ್ಳಗಾದ ಮೂಲೆಗೆ ಏನಾದರೂ ಮಾಡಬಹುದಾ? ಕಾಣದ ಹಾಗೆ ಕಬ್ಬಿಣದ ಕೀಲಿನ ಕೆಳಗೆ ಮುಚ್ಚೋಣ ಅಂತಿದ್ದಾರೆ ಬಡಗಿ.

ಬೋರ್ಡ್ ಕೆಲಸ, ಹುಬ್ಬಳ್ಳಿ:
ಕೇಳಿ ಭಾಳ ಖುಷಿ ಆತ್ರಿ. ಆದ್ರ ಆ ಮೂಲಿ ಕೀಲಿನ ಕೆಳಗ ಹಾಕಬ್ಯಾಡ್ರಿ. ಥಿನ್ನರ್ ಉಂಡ ಜಾಗ ಅಶಕ್ತ ಆಗಿರ್ತೈತಿ, ಅಲ್ಲೇ ಸ್ಕ್ರೂ ಕುಂತ್ರ ಒಂದು ದಿನ ಬಿರುಕು ಬಿಡ್ತೈತಿ. ನೀರುಕಾಗದ, ಅಂದ್ರ ನೀರು ಹಚ್ಚಿ ತಿಕ್ಕೋ ಉಜ್ಜುಕಾಗದ, 800, 1000, 2000 ನಂಬರಿಂದು ಒಂದರ ಮ್ಯಾಲ ಒಂದು ಹಿಡಿದು ತಿಕ್ಕಿ ಪಾಲಿಶ್ ಮಾಡಬಹುದು, ಆದ್ರ ಬಾಗಿಲು ಹ್ಯಾಂಗೂ ಸಣ್ಣ ಅಳತೀದು. ಆ ಮೂಲಿ ಕತ್ತರಿಸಿ ಒಗೀರಿ.

ಕತ್ತರಿಸೋ ಗೆರಿ ಗುಂಟ ಪೇಪರ್ ಟೇಪ್ ಹಚ್ಚಾಕ ಬಡಗ್ಯಾರಿಗೆ ಹೇಳ್ರಿ, ಈಗ ಕಾಗದದ ರಕ್ಷಣಾ ಇಲ್ಲ. ಕೀಲಿನ ತೂತು ಸ್ಕ್ರೂಗಿಂತ ತಟಗ ದೊಡ್ಡದಿರಲಿ, ಬ್ಯಾಸಗಿಗೆ ಶೀಟು ಹಿಗ್ಗತೈತಿ. ಸ್ಕ್ರೂ ಪೂರ್ತಿ ಬಿಗಿದು, ಅರ್ಧ ಸುತ್ತು ಹಿಂದಕ್ಕ ತಿರುವಿ ಬಿಡ್ರಿ.