ಆರು ವರ್ಷದವಳಿಗೆ ಜೀವನಕಥೆಯ ಚಿತ್ರಪುಸ್ತಕ: ನೀವು ಹೇಗೆ ಓದಿ ಹೇಳ್ತೀರಿ?

ಕೇಳಿದವರು: ಮಗಳಿಗೆ ಆರು ವರ್ಷ. ದೊಡ್ಡವರ ಜೀವನಕಥೆಯ ಚಿತ್ರಪುಸ್ತಕ ನಾಲ್ಕೈದು ತಂದಿದ್ದೇನೆ. ಖುಷಿಯಿಂದ ಕೇಳುತ್ತಾಳೆ. ಆದರೆ ಗಾಂಧೀಜಿ, ಕಿತ್ತೂರು ಚೆನ್ನಮ್ಮ, ರಾಮ ಎಲ್ಲರೂ ಅವಳಿಗೆ ಒಂದೇ ಕಾಲದವರು. ಪುಸ್ತಕ ಮುಗಿದ ಕೂಡಲೇ "ಇವರು ಈಗ ಎಲ್ಲಿದ್ದಾರೆ?" ಅಂತಾಳೆ. ಇಸವಿ ಬಾಯಿಪಾಠ ಮಾಡಿಸೋಕೆ ಮನಸ್ಸಿಲ್ಲ. ನೀವೆಲ್ಲ ಏನು ಮಾಡಿದಿರಿ?

ಎರಡನೇ ಕ್ಲಾಸಿನ ಟೀಚರ್: ನಾನು ಪ್ರತಿ ವರ್ಷ ಜನವರಿ 3ಕ್ಕೆ, ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ, ಅವರ ಕಥೆ ಓದುತ್ತೇನೆ. "1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ" ಅಂತ ಶುರು ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ಬ್ಯಾಗಿನಿಂದ ಮಡಚಿದ ಸೀರೆಯೊಂದನ್ನು ತೆಗೆದು ಮೇಜಿನ ಮೇಲೆ ಇಡುತ್ತೇನೆ. ಟೀಚರ್ ಶಾಲೆಗೆ ಇನ್ನೊಂದು ಸೀರೆ ಯಾಕೆ ತರ್ತಾರೆ? ಮಳೆ ಬಂದ್ರೆ, ಇಂಕು ಚೆಲ್ಲಿದ್ರೆ, ಡ್ಯಾನ್ಸಿಗೆ! ಎಲ್ಲರೂ ಹೇಳಿ ಸುಸ್ತಾದ ಮೇಲೆ ಪುಟ ತಿರುಗಿಸುತ್ತೇನೆ. ಶಾಲೆಗೆ ಹೊರಟ ಸಾವಿತ್ರಿಬಾಯಿ ಮೇಲೆ ದಾರಿಯಲ್ಲಿ ಜನ ಕೆಸರು, ಸಗಣಿ ಎಸೆಯುತ್ತಿದ್ದಾರೆ. ಕ್ಲಾಸು ಗಪ್‌ಚುಪ್. ಹೋದ ವರ್ಷ ಒಬ್ಬ ಕೇಳಿದ: "ಮನೆಗೆ ಹೋಗುವಾಗ ಮತ್ತೆ ಎಸೆದ್ರೆ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗಿ ಹೇಳಿದಳು, "ಆ ಗಲೀಜು ಸೀರೇನೇ ಮತ್ತೆ ಉಟ್ಕೊಂಡು ಹೋದ್ರಾಯ್ತು." ಅವತ್ತು ಪುಸ್ತಕ ಅಲ್ಲಿಗೇ ನಿಂತಿತು. ಮುಗಿಸಲೇಬೇಕು ಅಂತೇನಿಲ್ಲ, ಅಲ್ವಾ?

ಇಬ್ಬರು ಮಕ್ಕಳ ಅಪ್ಪ: ಕಾಲದ ಗೊಂದಲಕ್ಕೆ ನಮ್ಮನೆ ಉಪಾಯ ಬಟ್ಟೆ ಒಣಹಾಕುವ ಹಗ್ಗ. ಹತ್ತು ವರ್ಷಕ್ಕೆ ಒಂದು ಗೇಣು. ಈ ತುದಿಗೆ ಮಗನ ಫೋಟೋ, ಅರ್ಧ ಗೇಣು ಆಚೆ ಅವನು ಹುಟ್ಟಿದ ವರ್ಷ, ಇನ್ನೂ ಆಚೆ ಅಜ್ಜಿಯ ಮದುವೆ. ಗಾಂಧೀಜಿ ಉಪ್ಪಿಗಾಗಿ ದಂಡಿಗೆ ನಡೆದ 1930 ಒಂಬತ್ತೂವರೆ ಗೇಣು ದೂರ. ಚೆನ್ನಮ್ಮ ಬ್ರಿಟಿಷರ ಜೊತೆ ಯುದ್ಧ ಮಾಡಿದ 1824 ಹಾಲ್ ದಾಟಿ ಅಡುಗೆಮನೆ ಬಾಗಿಲಿಗೆ ಹೋಯಿತು. ಅಮ್ಮನ ಗೇಣಲ್ಲಿ ಅಳೆಯಬೇಕೋ ಅಪ್ಪನ ಗೇಣಲ್ಲೋ ಅಂತ ಜಗಳವೂ ಆಯಿತು. ರಾಮನಿಗೆ ಕ್ಲಿಪ್ ಎಲ್ಲಿ ಅಂದಾಗ "ಅದು ಬೇರೆ ಹಗ್ಗ" ಅಂದೆ. ನಮ್ಮಮ್ಮನಿಗೆ ಆ ಉತ್ತರ ಇನ್ನೂ ಸಮಾಧಾನವಾಗಿಲ್ಲ.

ಬೆಳಗಾವಿ ಕಡೆಯ ಅಜ್ಜಿ: ಚೆನ್ನಮ್ಮನ ಪುಸ್ತಕ ಎಲ್ಲಿ ಮುಗಿಯುತ್ತೆ ನೋಡಿ ತಗೊಳ್ಳಿ. ನಮ್ಮಲ್ಲಿದ್ದದ್ದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ಗೆಲುವಿಗೇ ಮುಗಿಯುತ್ತಿತ್ತು. ಮೊಮ್ಮಗನನ್ನು ಬೈಲಹೊಂಗಲದ ಸಮಾಧಿಗೆ ಕರೆದುಕೊಂಡು ಹೋದೆ. "ಗೆದ್ದವರನ್ನ ಇಲ್ಲಿ ಯಾಕೆ ಕೂಡಿಹಾಕಿದ್ರು?" ಅಂದ. ಎರಡನೇ ಸಲ ಬ್ರಿಟಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದದ್ದು, ರಾಣಿ 1829ರಲ್ಲಿ ಸೆರೆಯಲ್ಲೇ ತೀರಿಕೊಂಡದ್ದು ಅಲ್ಲೇ ಹೇಳಬೇಕಾಯಿತು. ಹೆದರಲಿಲ್ಲ, ಸಿಟ್ಟು ಬಂತು ಅವನಿಗೆ. ಇನ್ನೊಂದು ಮಾತು, ಚಿತ್ರದಲ್ಲಿರುವ ಮುಖ, ಒಡವೆ ಎಲ್ಲ ಕಲಾವಿದರ ಊಹೆ. ಆಗ ಕ್ಯಾಮೆರಾ ಇರಲಿಲ್ಲ ಅಂತ ಮಕ್ಕಳಿಗೆ ಹೇಳಿಬಿಡಿ.

ಇನ್ನೊಬ್ಬ ತಾಯಿ: ರಾಜ ರಾಣಿಯರೇ ಜಾಸ್ತಿ ಆಗ್ತಿದ್ದಾರೆ. ಸಾಲುಮರದ ತಿಮ್ಮಕ್ಕನ ಕಥೆ ಓದಿ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಗಂಡ ಹೆಂಡತಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ನಿಮ್ಮ ಮಗಳು "ಈಗ ಎಲ್ಲಿ?" ಅಂದರೆ ಆ ಮರಗಳ ಕೆಳಗೇ ನಿಲ್ಲಿಸಬಹುದು.

ಕೇಳಿದವರು: ನಿನ್ನೆ ಸಂಜೆ ಹಗ್ಗ ಕಟ್ಟಿದೆ. ಚೆನ್ನಮ್ಮನಿಗಿಂತ ಮೊದಲು ನಮ್ಮ ನಾಯಿಯ ಫೋಟೋ ಹತ್ತಿತು. ಅದು ಹುಟ್ಟಿದ್ದು ಯಾವಾಗ ಅಂತ ಈಗ ಮನೆಯವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದೇವೆ.