ಟಿಬಿಗೆ ಚೀನಾದ ಬೇರಿನ ಕಷಾಯ, ಕುಡಿದವ್ರು ಯಾರಾದ್ರೂ ಇದೀರಾ?

ನಮ್ಮಣ್ಣ ಗುವಾಂಗ್‌ಝೌನಲ್ಲಿ ಕೆಲಸದಲ್ಲಿದಾನೆ. ಶ್ವಾಸಕೋಶದ ಟಿಬಿ ಅಂತ ಆಗಿ ಅಲ್ಲೇ ಆಸ್ಪತ್ರೇಲಿ ನಾಲ್ಕು ಥರ ಔಷಧಿ ಶುರು ಮಾಡಿದಾರೆ, ನುಂಗಿದ್ರೆ ವಾಕರಿಕೆ ಅಂತಾನೆ. ಜೊತೇಲಿ ಕೆಲಸ ಮಾಡೋ ಚೀನೀ ಹೆಂಗಸು ಯಾವುದೋ ಬೇರು ಕಟ್ಟಿಸಿಕೊಟ್ಟಿದಾಳಂತೆ, ಇಮ್ಯುನಿಟಿಗೆ ಒಳ್ಳೇದು ಅಂತ. ಮಾತ್ರೆ ಬಿಟ್ಟು ಇದನ್ನೇ ಕುಡೀಲಾ ಅಂತ ಕೇಳ್ತಿದಾನೆ, ಏನ್ ಹೇಳ್ಲಿ?

—

ಅಕ್ಕ, ಮಾತ್ರೆ ಬಿಡ್ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿ. ನಂಗೂ ಆ ಕಡೆ ಇದ್ದಾಗ್ಲೇ ಟಿಬಿ ಆಗಿದ್ದು. ಅಲ್ಲಿ ದೊಡ್ಡ ಆಸ್ಪತ್ರೆಗಳಲ್ಲೇ ಗಿಡಮೂಲಿಕೆ ವಿಭಾಗ ಇರುತ್ತೆ, ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರು, ಒಣಬೇರು ತೂಗಿ ಪೊಟ್ಟಣ ಕಟ್ಟಿ ಕೊಡ್ತಾರೆ, ಅವ್ರಿಗದು ಮಾಮೂಲಿ. ಆದ್ರೆ ನಂಗೆ ಕಷಾಯ ಬರೆದ ವೈದ್ಯರು ಮೊದ್ಲು ಕೇಳಿದ್ದೇ ಟಿಬಿ ಮಾತ್ರೆ ನಡೀತಿದ್ಯಾ ಅಂತ. ಹುವಾಂಗ್‌ಚಿ ಬೇರು, ಲಿಲ್ಲಿ ಗೆಡ್ಡೆ, ಕೆಮ್ಮಿಗೆ ಬೈಬು ಅನ್ನೋ ಬೇರು ಹಾಕಿದ್ರು. ಕಹಿ ಅಂದ್ರೆ ಕಹಿ. ಗಂಟಲು ಒಣಗೋದು ಕಮ್ಮಿ ಆಯ್ತು, ಆದ್ರೆ ಅದು ಕಷಾಯದಿಂದಾನೋ ಮಾತ್ರೆ ಕೆಲಸ ಮಾಡಿದ್ದಕ್ಕೋ ಯಾರಿಗ್ ಗೊತ್ತು.

—

ಯಾಕೆ, ಚೀನಾ ಗಿಡಮೂಲಿಕೆಗೆ ನೊಬೆಲ್ಲೇ ಬಂದಿದ್ಯಲ್ಲ?

—

2015ರಲ್ಲಿ ಚೀನಾದ ವಿಜ್ಞಾನಿ ಥೂ ಯೂಯೂ ಅವರಿಗೆ ಬಂದಿದ್ದು ಮಲೇರಿಯಾ ಔಷಧಿಗೆ ಸ್ವಾಮಿ, ಟಿಬಿಗಲ್ಲ. ಅದೂ ಗಿಡದಿಂದ ಆರ್ಟೆಮಿಸಿನಿನ್ ಅಂತ ಒಂದೇ ಅಂಶ ಬೇರ್ಪಡಿಸಿ, ಪರೀಕ್ಷೆ ಮಾಡಿ, ಆಮೇಲೆ ಮಾತ್ರೆ ಮಾಡಿದ್ದು.

ನಾನು ಎದೆರೋಗದ ವಾರ್ಡಲ್ಲಿ ನರ್ಸು. ಅಕ್ಕ, ನಂಗೆ ಚಿಂತೆ ಲಿವರಿಂದು. ಆ ನಾಲ್ಕು ಔಷಧೀಲಿ ಐಸೊನಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರಿಗೆ ಹೊರೆ, ಅದರ ಮೇಲೆ ಪೊಟ್ಟಣದಲ್ಲಿ ಹಶೌವೂ ಬೇರು ಇದ್ರೆ ಕಷ್ಟ, ಅದೊಂದರಿಂದ್ಲೇ ಲಿವರ್ ಕೆಟ್ಟ ಕೇಸು ಚೀನಾದಲ್ಲೇ ಬೇಕಾದಷ್ಟಿವೆ. ಅತಿಮಧುರಾನೂ ಅವ್ರ ಕಷಾಯಗಳಲ್ಲಿ ತುಂಬ ಹಾಕ್ತಾರೆ, ಜಾಸ್ತಿ ದಿನ ಕುಡಿದ್ರೆ ಬಿಪಿ ಏರುತ್ತೆ, ಪೊಟ್ಯಾಶಿಯಂ ಇಳಿಯುತ್ತೆ. ವಾಕರಿಕೇನ ಸುಮ್ನೆ ಬಿಡ್ಬೇಡಿ, ಡಾಕ್ಟ್ರಿಗೆ ಹೇಳಿ ಎಲ್‌ಎಫ್‌ಟಿ, ಅಂದ್ರೆ ಲಿವರಿನ ರಕ್ತಪರೀಕ್ಷೆ ಮಾಡಿಸ್ಲಿ. ಊಟ ಸೇರದೆ ವಾಂತಿ ಆಗ್ತಿದ್ರೆ, ಕಣ್ಣು ಹಳದಿ ಆದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಲಿ, ಮಾತ್ರೆ ನಿಲ್ಸೋದು ಬದಲಾಯಿಸೋದು ಅವ್ರೇ ನೋಡ್ಕೋತಾರೆ. ಮೂತ್ರ ಕಿತ್ತಳೆ ಬಣ್ಣ ಆದ್ರೆ ಹೆದರೋದ್ ಬೇಡ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಮಂಜಾದ್ರೆ ಮಾತ್ರ ತಕ್ಷಣ ಹೇಳ್ಬೇಕು, ಅದು ನಾಲ್ಕನೇ ಔಷಧಿ ಎಥಾಂಬ್ಯುಟಾಲ್‌ನಿಂದ ಇರ್ಬೋದು.

ಇನ್ನೊಂದು, ಸಾಮಾನ್ಯ ಟಿಬಿಗೆ ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲಿನ 4 ತಿಂಗಳು ಅದಕ್ಕಿಂತ ಕಮ್ಮಿ ಔಷಧಿ ಕೊಡ್ತಾರೆ. ಕೆಲವು ವಾರಕ್ಕೇ ಕೆಮ್ಮು ಜ್ವರ ಇಳಿದು ವಾಸಿ ಆಯ್ತು ಅನ್ಸುತ್ತೆ, ಅಲ್ಲೇ ಜನ ಬಿಡೋದು, ಆಮೇಲೆ ಬರೋ ಟಿಬಿ ಈ ಮಾತ್ರೆಗೆ ಬಗ್ಗದೇ ಇರ್ಬೋದು. ಇಮ್ಯುನಿಟಿ ಅಂದ್ರಲ್ಲ, ಮೊಟ್ಟೆ, ಮೀನು, ಬೇಳೆ ಚೆನ್ನಾಗ್ ತಿನ್ಲಿ, ಸಿಗರೇಟು, ಮದ್ಯ ಮುಟ್ದೇ ಇರ್ಲಿ.

—

ಥ್ಯಾಂಕ್ಸ್, ಫೋನ್ ಮಾಡ್ದೆ, ಮಾತ್ರೆ ಬಿಡಲ್ಲ ಅಂದ. ಪೊಟ್ಟಣ ಬಿಸಾಕು ಅಂದ್ರೆ ಆ ಹೆಂಗಸಿಗೆ ಬೇಜಾರಾಗುತ್ತಂತೆ.

—

ಬಿಸಾಕೋದ್ ಬೇಡ, ಕುಡಿಯೋದೂ ಬೇಡ. ನಾಳೆ ಪರೀಕ್ಷೆಗೆ ರಕ್ತ ಕೊಡೋಕೆ ಹೋಗುವಾಗ ಹಾಗೇ ಪೊಟ್ಟಣಾನೂ ಡಾಕ್ಟ್ರಿಗೆ ಬಿಚ್ಚಿ ತೋರಿಸ್ಲಿ. ಆ ಹೆಂಗಸು ಜೊತೆಗೆ ಹೋದ್ರೆ ಇನ್ನೂ ಒಳ್ಳೇದು, ಭಾಷೆಗೆ ಆಗುತ್ತೆ.